ಸುಳಿಯೊಳಗಿನ ಹುಳು ಯಾವ ಪತಂಗದ್ದು?

ಮಕ್ಕಳೇ, ಮುಸುಕಿನ ಜೋಳದ ಹೊಲಕ್ಕೆ ಹೋದಾಗ ಎಳೆ ಗಿಡದ ಸುಳಿಯನ್ನೊಮ್ಮೆ ಇಣುಕಿ ನೋಡಿ. ಎಲೆಯಲ್ಲಿ ಹರಕು ತೂತುಗಳು, ಸುಳಿಯಲ್ಲಿ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ ಕಂಡರೆ ಒಳಗೊಂದು ಹುಳು ಇದೆ ಎಂದೇ ಲೆಕ್ಕ. ದೊಡ್ಡ ಹುಳು ಸಾಮಾನ್ಯವಾಗಿ ಒಂದೇ ಇರುತ್ತದೆ. ಜೊತೆಯವನ್ನು ಅದೇ ತಿಂದಿರುತ್ತದೆ! (ಔಷಧಿ ಹೊಡೆದ ಹೊಲವಾದರೆ ಮಾತ್ರ ಗಿಡ ಮುಟ್ಟಬೇಡಿ.)

ಇದು ಪತಂಗದ ಮರಿ. ಯಾವ ಪತಂಗ? 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಕಾಲೇಜಿನ ಕೀಟ ವಿಜ್ಞಾನಿಗಳನ್ನು ಕಾಡಿದ್ದೂ ಇದೇ ಪ್ರಶ್ನೆ. ಅಲ್ಲಿನ ಮುಸುಕಿನ ಜೋಳದಲ್ಲಿ ಸಿಕ್ಕ ಹುಳು, ನಮ್ಮಲ್ಲಿ ಮೊದಲಿನಿಂದಲೂ ಬೆಳೆ ಮೇಯುತ್ತಿದ್ದ ಹಳೆಯ ಸೈನಿಕ ಹುಳುವನ್ನು ಹೋಲುತ್ತಿತ್ತು, ಆದರೆ ಅದಾಗಿರಲಿಲ್ಲ.

ಭೂತಗನ್ನಡಿ ಹಿಡಿದು ಸುಳಿಯ ಹುಳುವಿನ ಮುಖ ನೋಡಿ. ಇಂಗ್ಲಿಷಿನ ‘ವೈ’ ಅಕ್ಷರವನ್ನು ತಲೆಕೆಳಗಾಗಿ ಬರೆದ ಹಾಗೆ ಒಂದು ಬಿಳಿ ಗೆರೆ. ಈಗ ಹಿಂಬದಿಗೆ ಬನ್ನಿ. ಮೈಯ ಕೊನೆಯ ಖಂಡಕ್ಕಿಂತ ಸ್ವಲ್ಪ ಮುಂದೆ ನಾಲ್ಕು ಕಪ್ಪು ಚುಕ್ಕೆ, ಚೌಕದ ನಾಲ್ಕು ಮೂಲೆಗಳಲ್ಲಿ ಒಂದೊಂದು. ಎರಡೂ ಗುರುತು ಸೇರಿದರೆ ಅನುಮಾನ ಬಹುಪಾಲು ಕಳೆಯುತ್ತದೆ.

ಆದರೂ ಕೀಟ ಬಲ್ಲವರು ಮರಿಯೊಂದನ್ನೇ ನಂಬುವುದಿಲ್ಲ. ಅದನ್ನು ಸಾಕಿ, ಕೋಶವಾಗಿ ಪತಂಗ ಹೊರಬರುವವರೆಗೂ ಕಾಯುತ್ತಾರೆ. ಗಂಡು ಪತಂಗದ ಮುಂದಿನ ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆ ಇರುತ್ತದೆ. ಹೆಣ್ಣು ಬರೀ ಬೂದು ಕಂದು, ನೆಂಟರ ನಡುವೆ ಬಿಟ್ಟರೆ ಗುರುತೇ ಸಿಗದು. ಆಗ ಡಿಎನ್‌ಎಯ ಒಂದು ಪುಟ್ಟ ತುಣುಕನ್ನು ಓದಿ, ಬೇರೆ ದೇಶದ ಮಾದರಿಗಳ ಜೊತೆ ತಾಳೆ ನೋಡುತ್ತಾರೆ. ಶಿವಮೊಗ್ಗದಲ್ಲೂ ಹೀಗೇ ತಾಳೆ ನೋಡಿದರು. ಅದು ಸ್ಪೊಡಾಪ್ಟೆರಾ ಫ್ರುಜಿಪರ್ಡಾ. ಅಮೆರಿಕ ಖಂಡದ ಬಿಸಿ ನಾಡುಗಳ ಪತಂಗ, 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡಿತ್ತು. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು ನಮ್ಮ ಕನ್ನಡನಾಡಿನ ಹೊಲದಲ್ಲಿ.

ಹೆಸರಿನ ಮೊದಲ ಭಾಗ ಕುಲದ್ದು, ಎರಡನೆಯದು ಪ್ರಭೇದದ್ದು. ಎಲೆಕೋಸು, ಹರಳು ಗಿಡ ಮೇಯುವ ಸ್ಪೊಡಾಪ್ಟೆರಾ ಲಿಟುರಾ ಇದೇ ಕುಲದ ದಾಯಾದಿ. ಹಳೆಯ ಸೈನಿಕ ಹುಳುವಿನದು ಬೇರೆ ಕುಲ, ಕುಟುಂಬ ಮಾತ್ರ ಒಂದೇ.

ಸರಿಯಾದ ಹೆಸರು ಸಿಕ್ಕ ಮೇಲೆ ಬೇರೆ ದೇಶದವರು ಆ ಹುಳುವಿನ ಬಗ್ಗೆ ಕಲಿತದ್ದೆಲ್ಲ ನಮಗೂ ದಕ್ಕುತ್ತದೆ. ಅದರ ಶತ್ರುಗಳು ಯಾರೆಂಬುದೂ ತಿಳಿಯುತ್ತದೆ. ಅಂಥ ಒಂದು ಶತ್ರುವಿನ ಕಥೆ ನನಗೆ ತುಂಬ ಇಷ್ಟ. ತಾಯಿ ಪತಂಗ ಎಲೆಯ ಮೇಲೆ ಗುಂಪಾಗಿ ಮೊಟ್ಟೆಯಿಟ್ಟು, ತನ್ನ ಮೈಯ ನವಿರನ್ನೇ ಹೊದಿಸುತ್ತದೆ. ಟೆಲಿನೋಮಸ್ ಎಂಬ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜ ಆ ಹೊದಿಕೆಯೊಳಗೂ ನುಸುಳಿ, ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಅಂಥ ಮೊಟ್ಟೆಯಿಂದ ಹೊರಬರುವುದು ಹುಳುವಲ್ಲ, ಇನ್ನೊಂದು ಕಣಜ.