ಹೆಸರು ಹಿಡಿದು ಸ್ಮರಿಸೋಣ



1948ರಲ್ಲಿ ಹುತಾತ್ಮರಾದ ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್, 1965ರಲ್ಲಿ ಹುತಾತ್ಮರಾದ ಹವಾಲ್ದಾರ್ ಅಬ್ದುಲ್ ಹಮೀದ್ ಅವರನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಪದಕ ಸಿಗದ ಸಾಮಾನ್ಯ ಸಿಪಾಯಿಗಳನ್ನು ನೆನೆಯುವವರು ಯಾರು?

1914-18ರ ಮಹಾಯುದ್ಧದಲ್ಲಿ ಬ್ರಿಟಿಷರ ಕೈಕೆಳಗೆ ಹಿಂದೂ, ಮುಸ್ಲಿಂ, ಸಿಖ್ ಸಿಪಾಯಿಗಳು ಒಟ್ಟಿಗೇ ಹೋರಾಡಿ ಮಡಿದರು. ನಮ್ಮ ಮೈಸೂರು ಲ್ಯಾನ್ಸರ್ಸ್ ದಳ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿತು. ಫ್ರಾನ್ಸಿನ ನವ್ ಶಾಪೆಲ್ ಸ್ಮಾರಕವೊಂದರಲ್ಲೇ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಆದರೆ ಹಳ್ಳಿಯಲ್ಲಿದ್ದ ತಾಯಿ ಅಲ್ಲಿಗೆ ಹೋಗಿ ಮಗನ ಹೆಸರು ನೋಡುವುದುಂಟೇ?

1998ರಲ್ಲಿ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ ತನ್ನ ದಾಖಲೆಗಳನ್ನು ಅಂತರ್ಜಾಲಕ್ಕೆ ತಂದಿತು. ಈಗ ಹೆಸರು ಹುಡುಕಿದರೆ ರೆಜಿಮೆಂಟು, ಮಡಿದ ದಿನ, ಸ್ಮಾರಕದ ವಿವರ ಸಿಗುತ್ತದೆ. ಕೆಲವರ ತಂದೆಯ ಹೆಸರು, ಊರೂ ಇರುತ್ತದೆ.

ಆದರೆ ಎಲ್ಲರ ಹೆಸರೂ ಅಲ್ಲಿಲ್ಲ. ಕನಿಷ್ಠ 1,16,000 ಮಂದಿಯನ್ನು ಹೆಸರಿಟ್ಟು ಸ್ಮರಿಸಿಲ್ಲ, ಅವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕ ಮತ್ತು ಈಜಿಪ್ಟಿನವರು ಎಂದು 2021ರಲ್ಲಿ ಆಯೋಗದ ವರದಿಯೇ ಹೇಳಿತು. ಭಾರತೀಯರೂ ಸೇರಿ ಇನ್ನೂ ಸಾವಿರಾರು ಮಂದಿಗೆ ಸಮಾನ ಗೌರವ ಸಿಕ್ಕಿರಲಿಲ್ಲ. ಇದಕ್ಕೆ ಜನಾಂಗಭೇದವೂ ಕಾರಣವೆಂದು ಒಪ್ಪಿ ಆಯೋಗ ಕ್ಷಮೆ ಕೇಳಿತು.

ವಿದ್ಯಾರ್ಥಿಗಳೇ, ಇಲ್ಲಿ ನಿಮಗೂ ಕೆಲಸವಿದೆ. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಪದಕ, ಪಿಂಚಣಿ ಕಾಗದ ಇದ್ದರೆ ಜೋಪಾನ ಮಾಡಿ. ಹಿರಿಯರನ್ನು ಕೇಳಿ ಬರೆದಿಡಿ. ಹುಡುಕುವಾಗ ಇಂಗ್ಲಿಷ್ ಕಾಗುಣಿತವನ್ನು ಬದಲಿಸಿ ನೋಡಿ. ಮುಹಮ್ಮದ್ ಎಂಬ ಒಂದೇ ಹೆಸರನ್ನು ಗುಮಾಸ್ತರು ಹಲವು ಬಗೆಯಲ್ಲಿ ಬರೆದಿದ್ದಾರೆ.

ಮಡಿದವರಿಗಾಗಿ ದುಆ ಮಾಡುವಾಗ ಒಬ್ಬ ಸಿಪಾಯಿಯನ್ನಾದರೂ ಹೆಸರು ಹಿಡಿದು ನೆನೆಯೋಣ. ಖುದಾ ಹಾಫಿಝ್.