ದಿನಬಳಕೆಯ ಬಿರುದುಗಳು

ಬಿರುದೆಂದೊಡನೆ ಆಸ್ಥಾನ, ಶಾಲು, ಹೊಗಳುಭಟ್ಟರು ನಮ್ಮ ನೆನಪಿಗೆ ಬರುವುದು ಸಹಜ. ಅದರ ಕಾಲ ಮುಗಿಯಿತೆಂದು ಹೇಳುವವರೂ ಉಂಟು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 18ನೆಯ ವಿಧಿಯು, ಸೈನಿಕ ಮತ್ತು ವಿದ್ಯಾಸಂಬಂಧವಾದ ಪದವಿಗಳನ್ನುಳಿದು ಸರಕಾರವು ಬೇರಾವ ಬಿರುದನ್ನೂ ಕೊಡಕೂಡದೆಂದು ವಿಧಿಸಿತಷ್ಟೆ. ಆದರೆ ಶಿವಮೊಗ್ಗೆಯ ಗಾಂಧಿ ಬಜಾರಿನಲ್ಲಿ ಒಂದು ಸುತ್ತು ಹಾಕಿದರೆ ಸ್ವಾಮಿ, ಸಾರ್, ಮೇಷ್ಟ್ರೇ, ಯಜಮಾನರೇ, ಸಾಹುಕಾರರೇ ಎಂಬ ಮಾತುಗಳು ಎಡೆಬಿಡದೆ ಕಿವಿಗೆ ಬೀಳುತ್ತವೆ. ಅರಸರು ಬಿಟ್ಟ ಕೆಲಸವನ್ನು ನಾವೆಲ್ಲರೂ ಬೆಳಗಿನಿಂದ ಸಂಜೆಯವರೆಗೆ ನಡೆಸುತ್ತಲೇ ಇದ್ದೇವೆ.

ಈ ಬಿರುದುಗಳಿಗೆ ತೂಕ ಬರುವುದು ಎಲ್ಲಿಂದ? ಪಟೇಲ, ಶ್ಯಾನುಭೋಗ ಎಂಬವು ಹಿಂದೆ ಹಳ್ಳಿಯ ಅಧಿಕಾರದ ಹೆಸರುಗಳು. ವಂಶಪಾರಂಪರ್ಯವಾದ ಆ ಹುದ್ದೆಗಳನ್ನು 1961ರ ಕಾನೂನು ತೆಗೆದುಹಾಕಿತು. ಹೆಸರು ಮಾತ್ರ ಎಷ್ಟೋ ಮನೆತನಗಳಲ್ಲಿ ಉಳಿಯಿತು. ಕೆಲಸ ಹೋದ ಮೇಲೆ ಉಳಿದ ಬಿರುದು ಬರಿಯ ಗುರುತು.

ಭದ್ರಾವತಿಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಶ್ರೀ ವಿಶ್ವೇಶ್ವರಯ್ಯನವರಿಗೆ 1915ರಲ್ಲಿ ಆಂಗ್ಲ ಪ್ರಭುತ್ವವು 'ಸರ್' ಪದವಿಯನ್ನಿತ್ತಿತು. 1955ರಲ್ಲಿ ಸ್ವತಂತ್ರ ಭಾರತವು ಭಾರತರತ್ನವನ್ನಿತ್ತಿತು. ಕೊಟ್ಟ ಪ್ರಭುತ್ವ ಹೋಯಿತಾದರೂ ಜನರು ಇಂದಿಗೂ 'ಸರ್ ಎಂ.ವಿ.' ಎಂದೇ ಅನ್ನುತ್ತಾರೆ. 1923ರಲ್ಲಿ ಕಬ್ಬಿಣ ಇಳಿಸಲಾರಂಭಿಸಿದ, ಮುಂದೆ ಅವರ ಹೆಸರನ್ನೇ ಹೊತ್ತ ಕಾರ್ಖಾನೆಯು ಆ ಪದವಿಗೆ ಸಾಕ್ಷಿ ನಿಂತಿತು. ಕುಲುಮೆಯ ಮುಂದೆ ಕೈ ಪಳಗಿದವನನ್ನು ಜೊತೆಗಾರರು 'ಮೇಸ್ತ್ರಿ' ಎಂದು ಕರೆದರೆ, ಅದೂ ಇದೇ ಜಾತಿಯ ಬಿರುದು. ಅದನ್ನು ಕಾಡಿ ಪಡೆಯಲಾಗದು.

ನಮ್ಮ ಜಿಲ್ಲೆಯ ಕೆಳದಿಯ ನಾಯಕರಿಗೆ 'ಎಡವ ಮುರಾರಿ' ಎಂಬ ಬಿರುದಿತ್ತು. ಯಾದವ, ಮುರಾರಿ ಎಂಬವರು ಆ ವಂಶದ ಮೂಲಪುರುಷರ ಆಳುಗಳು. ಒಡೆಯರಿಗೆ ನಿಧಿ ದೊರೆಯಲೆಂದು ತಲೆಯನ್ನೇ ಒಪ್ಪಿಸಿದರು ಎಂಬುದು ಐತಿಹ್ಯ. ಒಡೆಯನ ಹೆಸರನ್ನು ಆಳು ಹೊರುವುದು ಲೋಕದ ರೂಢಿ. ಇಲ್ಲಿ ಆಳಿನ ಹೆಸರನ್ನು ಒಡೆಯನು ಹೊತ್ತನು. ಬಿರುದೆಂದರೆ ಋಣವನ್ನು ಒಪ್ಪಿಕೊಳ್ಳುವ ಮಾತೆಂದು ಇದರಿಂದ ತಿಳಿಯಬೇಕು.

ಹಾಗಿರಲು, ಬೀದಿ ಗುಡಿಸುವವಳನ್ನೂ ಹೋಟೆಲಿನಲ್ಲಿ ಲೋಟ ತೊಳೆಯುವವನನ್ನೂ ನಾವು 'ಏಯ್' ಎಂದು ಕೂಗುವುದು ಯಾವ ನ್ಯಾಯ? ಇವರ ಋಣವೂ ನಮ್ಮ ಮೇಲುಂಟಲ್ಲವೆ? ಸಂವಿಧಾನವು ಕಟ್ಟಿರುವುದು ಸರಕಾರದ ಕೈಯನ್ನು, ನಮ್ಮ ನಾಲಗೆಯನ್ನಲ್ಲ. ಅಮ್ಮ ಎನ್ನುವುದಕ್ಕೂ ಅಣ್ಣ ಎನ್ನುವುದಕ್ಕೂ ಯಾವ ಸನ್ನದೂ ಬೇಕಾಗಿಲ್ಲ.