ತಿಪ್ಪೆ ನೋಡಿ, ಆಮೇಲೆ ಚೀಟಿ ಬರೆಯಿರಿ

ಕೃಷಿ ಪದವೀಧರ ಮಿತ್ರರೇ,

ನಿಮ್ಮಲ್ಲಿ ಕೆಲವರು ನಾಳೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ರೈತ ಸಂಪರ್ಕ ಕೇಂದ್ರಗಳಲ್ಲಿ ಕೂರುತ್ತೀರಿ. "ಎಕರೆಗೆ ಎಷ್ಟು ಯೂರಿಯಾ ಹಾಕಲಿ ಸಾರ್?" ಎಂದು ರೈತರು ಕೇಳುತ್ತಾರೆ. ಅದಕ್ಕೆ ನೀವು ಹೇಗೆ ಉತ್ತರಿಸಬೇಕೆಂಬುದೇ ಇಂದಿನ ನನ್ನ ಮಾತು.

ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತಿದೆ. ಹೀಗಿರುವಾಗ ಈ ತಾಲ್ಲೂಕುಗಳಿರುವ ಮಧ್ಯ ಒಣವಲಯದ ಶೇಂಗಾ, ಸೂರ್ಯಕಾಂತಿ ಹೊಲಗಳನ್ನು ಕಡೆಗಣಿಸುವಂತಿಲ್ಲ. ಆದರೆ ಇಲ್ಲಿ ಅಡಿಕೆ, ತೆಂಗಿನ ತೋಟ ಇದ್ದವರ ಕೊಟ್ಟಿಗೆ ಗೊಬ್ಬರ ಮೊದಲು ತೋಟಕ್ಕೇ ಹೋಗುತ್ತದೆ. ಮಳೆ ನಂಬಿದ ಹೊಲಕ್ಕೆ ಚೀಲದ ಗೊಬ್ಬರವೇ ಗತಿಯಾಗುತ್ತದೆ.

ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದೆ. ಬೆಳೆಗೆ ಬೇಗ ದಕ್ಕುತ್ತದೆ, ಬೇಗ ಕೈತಪ್ಪುತ್ತದೆ ಕೂಡ. ಮಣ್ಣಿಗೆ ಸೇರಿಸದೆ ಮೇಲೆ ಎರಚಿದರೆ ಅಮೋನಿಯವಾಗಿ ಹಾರುತ್ತದೆ. ಮಸಾರಿ ಭೂಮಿಯಲ್ಲಿ ಜೋರು ಮಳೆಯಾದರೆ ನೈಟ್ರೇಟಾಗಿ ಬೇರಿನಾಚೆ ಇಳಿಯುತ್ತದೆ. ಕೊಟ್ಟಿಗೆ ಗೊಬ್ಬರದ ಸಾರಜನಕ ಶೇ. 0.5ರ ಆಸುಪಾಸು, ಆದರೆ ಅದು ಇಂಗಾಲ ಹೆಚ್ಚಿಸಿ ತೇವ ಹಿಡಿದಿಡುತ್ತದೆ. ಚೆನ್ನಾಗಿ ಕಳಿತಿರಬೇಕು ಅಷ್ಟೆ. ಇಲ್ಲದಿದ್ದರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಪೈರು ಹಳದಿಯಾಗುತ್ತದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಒಣಬೇಸಾಯ ಕೇಂದ್ರದಲ್ಲಿ 1978ರಲ್ಲಿ ಆರಂಭವಾದ ದೀರ್ಘಾವಧಿ ಪ್ರಯೋಗಗಳು ಎರಡೂ ಜೊತೆಗಿರಬೇಕೆಂದೇ ಸಾರುತ್ತವೆ. ಬರೀ ರಾಸಾಯನಿಕ ಗೊಬ್ಬರ ಕಂಡ ತಾಕುಗಳು ವರ್ಷ ಕಳೆದಂತೆ ಸೊರಗಿದವು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದೊಂದಿಗೆ ಶಿಫಾರಸಿನ ರಾಸಾಯನಿಕ ಗೊಬ್ಬರವನ್ನೂ ಪಡೆದ ತಾಕುಗಳು ಇಳುವರಿ ಉಳಿಸಿಕೊಂಡವು.

ಹೊಲದ ಲೆಕ್ಕ ಹಾಕೋಣ. ಮಳೆಯಾಶ್ರಿತ ಸೂರ್ಯಕಾಂತಿಗೆ ಎಕರೆಗೆ 15 ಕೆಜಿ ಸಾರಜನಕ ಬೇಕೆನ್ನಿ. 3 ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಅಷ್ಟೂ ಇದೆ. ಆದರೆ ಮೊದಲ ಹಂಗಾಮಿನಲ್ಲಿ ದಕ್ಕುವುದು ಸುಮಾರು ಮೂರನೇ ಒಂದು ಪಾಲು, ಅಂದರೆ 5 ಕೆಜಿ. ಉಳಿದ 10 ಕೆಜಿಗೆ 45 ಕೆಜಿ ಯೂರಿಯಾ ಚೀಲದಲ್ಲಿ ಅರ್ಧ ಸಾಕು. ಡಿಎಪಿ ಗೊಬ್ಬರ ಹಾಕಿದ್ದರೆ ಅದರ ಸಾರಜನಕವನ್ನೂ ಕಳೆಯಿರಿ. ಅತಿಯಾದರೆ ಕಾಳಿನ ಎಣ್ಣೆಯಂಶವೇ ಇಳಿಯುತ್ತದೆ. ಶೇಂಗಾದ ಬೇರುಗಂಟುಗಳು ಗಾಳಿಯ ಸಾರಜನಕ ಹಿಡಿಯುತ್ತವೆ. ಯೂರಿಯಾ ಹೆಚ್ಚಾದರೆ ಅವು ಕುಂದಿ, ಬಳ್ಳಿ ಸೊಂಪಾಗಿ ಕಾಯಿ ಕಡಿಮೆಯಾಗಬಹುದು.

ಮಿತ್ರರೇ, ಸಾವಯವ ಬೇರೆ, ರಾಸಾಯನಿಕ ಬೇರೆ ಎಂದು ರೈತರನ್ನು ಎರಡು ಪಂಗಡ ಮಾಡಬೇಡಿ. ಒಂದು ಮಣ್ಣನ್ನು ಕಟ್ಟುತ್ತದೆ, ಇನ್ನೊಂದು ಹಸಿದ ಪೈರಿಗೆ ಹೊತ್ತಿಗೆ ಒದಗುತ್ತದೆ. ಹೊಲಕ್ಕೆ ಹೋಗಿ ಮೊದಲು ತಿಪ್ಪೆ ನೋಡಿ. ಕುರಿಮಂದೆ ನಿಲ್ಲಿಸಿದ್ದರೇ, ಕೆರೆಗೋಡು ಹೊಡೆಸಿದ್ದರೇ, ಹೊಂಗೆ ಹಿಂಡಿ ಸಿಗುವುದೇ ಎಂದು ಕೇಳಿ. ಮಣ್ಣು ಪರೀಕ್ಷೆ ಮಾಡಿಸಿ. ಉಳಿದ ಕೊರತೆಗಷ್ಟೇ ಯೂರಿಯಾದ ಚೀಟಿ ಬರೆಯಿರಿ, ಹದ ನೋಡಿ ಕಂತಿನಲ್ಲಿ ಹಾಕಿಸಿ.

ಮಳೆ ರೈತರ ಕೈಯಲ್ಲಿಲ್ಲ, ಪೇಟೆಯ ಧಾರಣೆಯೂ ಇಲ್ಲ. ಮಣ್ಣಿನ ಸತ್ವ ಮಾತ್ರ ಅವರ ಕೈಯಲ್ಲಿದೆ. ಅದನ್ನು ಉಳಿಸಿಕೊಳ್ಳಲು ಅವರಿಗೆ ಹೆಗಲು ಕೊಡುವುದೇ ನಿಮ್ಮ ವಿದ್ಯೆಯ ಕೆಲಸ. ಆ ಕೆಲಸ ನಿಮ್ಮಿಂದ ಚೆನ್ನಾಗಿ ಆಗಲಿ.